ಅರವತ್ತು ವರ್ಷಗಳಿಂದ ಜಗಲಿಯಲ್ಲಿ ಕುಳಿತವರು: ಕರ್ನಾಟಕದ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕರ್ನಾಟಕದಿಂದ ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12, ಒಟ್ಟು 40 ಮಂದಿ ಇದ್ದೀರಿ. ಪಕ್ಷ ಯಾವುದೇ ಇರಲಿ, ಈ ಪತ್ರ ನಿಮ್ಮೆಲ್ಲರಿಗೂ. ನಾನು ಪಿರಿಯಾಪಟ್ಟಣ ತಾಲ್ಲೂಕಿನವನು. ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತನಾಗಿದ್ದೇನೆ. ಬೈಲಕುಪ್ಪೆಯ ಟಿಬೆಟನ್ ವಸಾಹತು ನನ್ನ ಮನೆಯಿಂದ ಸೈಕಲ್ ತುಳಿದು ಹೋಗುವಷ್ಟು ದೂರ. ಅಲ್ಲಿ ಹುಟ್ಟಿ, ಇಲ್ಲಿಯ ನೀರು ಕುಡಿದು, ನಮ್ಮ ಸಂತೆಯಲ್ಲಿ ನಮ್ಮ ಭಾಷೆಯಲ್ಲೇ ಚೌಕಾಸಿ ಮಾಡುವ ಎಷ್ಟೋ ಜನ ಕಾನೂನಿನ ಲೆಕ್ಕದಲ್ಲಿ ಇಂದಿಗೂ ವಿದೇಶಿಯರು. ಅವರ ವಿಷಯವಾಗಿ ನಿಮ್ಮಲ್ಲಿ ಒಂದು ಬೇಡಿಕೆ ಇದೆ. ಆದರೆ ಮಾತನ್ನು ರೋಮ್ ಸಾಮ್ರಾಜ್ಯದಿಂದ ಆರಂಭಿಸುತ್ತೇನೆ, ಏಕೆಂದರೆ ಈ ಪ್ರಶ್ನೆ ನನ್ನೊಳಗೆ ಹೊಕ್ಕದ್ದೇ ಒಂದು ರೋಮನ್ ಪಾಠದ ಮೂಲಕ.

2002ರ ಮಳೆಗಾಲ ಇರಬೇಕು. ಪ್ರಥಮ ಪಿಯುಸಿ ತರಗತಿಯಲ್ಲಿ ರೋಮಿನ ಸೈನ್ಯದ ಬಗ್ಗೆ ಹೇಳುತ್ತಿದ್ದೆ. ಅಲ್ಲಿ ಎರಡು ಬಗೆಯ ಪಡೆಗಳಿದ್ದವು. ಲೀಜನ್ ಎಂಬ ಮುಖ್ಯ ಪಡೆಗೆ ಸೇರಬೇಕಾದರೆ ರೋಮಿನ ನಾಗರಿಕನೇ ಆಗಿರಬೇಕು. ನಾಗರಿಕರಲ್ಲದವರು, ಅಂದರೆ ಸಿರಿಯಾದ ಬಿಲ್ಲುಗಾರರು, ಥ್ರೇಸಿನ ಕುದುರೆ ಸವಾರರು, ರೈನ್ ನದಿ ಮುಖಜ ಭೂಮಿಯ ಬಟಾವಿಯನ್ನರು, ಸಹಾಯಕ ಪಡೆಗಳಿಗೆ ಸೇರುತ್ತಿದ್ದರು. ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿ ಗೌರವದಿಂದ ಬಿಡುಗಡೆಯಾದವನಿಗೆ ಚಕ್ರವರ್ತಿಯ ಆಜ್ಞೆಯ ಮೇರೆಗೆ ರೋಮಿನ ಪೌರತ್ವ ಸಿಗುತ್ತಿತ್ತು. ಕ್ಲಾಡಿಯಸ್ ಚಕ್ರವರ್ತಿಯ ಕಾಲಕ್ಕೆ ಇದು ಕ್ರಮಬದ್ಧ ಪದ್ಧತಿಯಾಗಿತ್ತು. ಆ ಆಜ್ಞೆಯನ್ನು ರೋಮ್ ನಗರದಲ್ಲಿ ಎಲ್ಲರಿಗೂ ಕಾಣುವಂತೆ ಕಂಚಿನ ಫಲಕದಲ್ಲಿ ತೂಗುಹಾಕುತ್ತಿದ್ದರು. ಸೈನಿಕನ ಕೈಗೆ ಅದರ ನಕಲು ಬರುತ್ತಿತ್ತು: ಅಂಗೈಯಗಲದ ಎರಡು ಕಂಚಿನ ತಗಡುಗಳು, ತಂತಿಯಿಂದ ಬಿಗಿದು ಏಳು ಸಾಕ್ಷಿಗಳ ಮೊಹರು ಒತ್ತಿದ್ದು. ಒಳಗೂ ಹೊರಗೂ ಒಂದೇ ಬರಹ. ಹೊರಗಿನದನ್ನು ಯಾರಾದರೂ ತಿದ್ದಿದರೆ ಮೊಹರು ಒಡೆದು ಒಳಗಿನದನ್ನು ಓದಬಹುದು. ಅದರಲ್ಲಿ ಆತನ ಹೆಸರು, ಪಡೆಯ ಹೆಸರು, ಅಧಿಕಾರಿಯ ಹೆಸರು ಇರುತ್ತಿದ್ದವು. ಕೆಲವು ತಗಡುಗಳಲ್ಲಿ ಹೆಂಡತಿಯ ಹೆಸರು, ಗಂಡು ಹೆಣ್ಣು ಮಕ್ಕಳ ಹೆಸರುಗಳೂ ಇವೆ. ಬ್ರಿಟನ್ನಿನಿಂದ ಸಿರಿಯಾವರೆಗೆ ಇಂಥ ನೂರಾರು ತಗಡುಗಳು ಮಣ್ಣಿನಲ್ಲಿ ಸಿಕ್ಕಿವೆ.

ಪಾಠ ಮುಗಿದ ಮೇಲೆ ವಸಾಹತಿನ ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಿಗೆ ಬಂದ. "ಸರ್, ಇಪ್ಪತ್ತೈದು ವರ್ಷ ಆದ ಮೇಲೆ ಎಲ್ಲರಿಗೂ ಕೊಡುತ್ತಿದ್ದರೇ?" ಎಂದು ಕೇಳಿದ. ಗೌರವದಿಂದ ಬಿಡುಗಡೆಯಾದವರಿಗೆ ಕೊಡುತ್ತಿದ್ದರು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ತಂದೆ ಇಪ್ಪತ್ತಾರು ವರ್ಷ ಮಾಡಿದ್ದಾರೆ" ಎಂದ.

ಅವನ ತಂದೆ ಎಲ್ಲಿ ಕೆಲಸ ಮಾಡಿದ್ದರು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಚಕ್ರಾತಾ ಎಂಬ ಊರಿನ ಹೆಸರನ್ನು ಮಾತ್ರ ಹುಡುಗ ಹೇಳಿದ್ದ. 1962ರ ನವೆಂಬರ್‌ನಲ್ಲಿ, ಚೀನಾ ಯುದ್ಧ ನಡೆಯುತ್ತಿರುವಾಗಲೇ, ಭಾರತ ಸರ್ಕಾರ ಟಿಬೆಟನ್ ನಿರಾಶ್ರಿತರಿಂದ ಒಂದು ಗುಪ್ತ ಪಡೆ ಕಟ್ಟಿತು. ವಿಶೇಷ ಗಡಿ ಪಡೆ ಎಂಬುದು ಅದರ ಹೆಸರು, ಚಕ್ರಾತಾ ಅದರ ನೆಲೆ. ವಸಾಹತಿನಲ್ಲಿ ಎಲ್ಲರೂ ಕರೆಯುವುದು "ಟೂ ಟೂ" ಎಂದೇ, ಎಸ್ಟಾಬ್ಲಿಷ್‌ಮೆಂಟ್ 22 ಎಂಬುದರ ಗುರುತಾಗಿ. ಚೀನಾದ ವಿರುದ್ಧ ಎಂದು ಕಟ್ಟಿದ ಆ ಪಡೆ 1971ರಲ್ಲಿ ಹೋರಾಡಿದ್ದು ಚಿತ್ತಗಾಂಗ್ ಬೆಟ್ಟಗಳಲ್ಲಿ, ಬಾಂಗ್ಲಾದೇಶದ ವಿಮೋಚನೆಗಾಗಿ. ಅದು ಅವರ ಯುದ್ಧವಾಗಿರಲಿಲ್ಲ. ಆದರೂ ಹೋದರು. ಅಲ್ಲಿ ಸತ್ತವರ ಹೆಸರುಗಳನ್ನು ಬಹಿರಂಗವಾಗಿ ಹೇಳುವಂತಿರಲಿಲ್ಲ, ಏಕೆಂದರೆ ಪಡೆಯೇ ಗುಪ್ತ. 2020ರ ಆಗಸ್ಟ್ ಕೊನೆಯಲ್ಲಿ ಪ್ಯಾಂಗಾಂಗ್ ಸರೋವರದ ಬಳಿ ಹಳೆಯ ನೆಲಬಾಂಬ್ ಸಿಡಿದು ಈ ಪಡೆಯ ಒಬ್ಬ ಟಿಬೆಟನ್ ಯೋಧ ತೀರಿಕೊಂಡಾಗ ದೇಶ ಮೊದಲ ಬಾರಿಗೆ ಇವರನ್ನು ಕಣ್ಣು ತೆರೆದು ನೋಡಿತು. ಲೇಹ್‌ನಲ್ಲಿ ಅವರ ಶವಪೆಟ್ಟಿಗೆಯ ಮೇಲೆ ತ್ರಿವರ್ಣ ಧ್ವಜವೂ ಟಿಬೆಟ್ಟಿನ ಧ್ವಜವೂ ಜೊತೆಜೊತೆಯಾಗಿದ್ದವು. ಆ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದ ದಿನ ನನಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ ಆ ಹುಡುಗ ನೆನಪಾದ.

ರೋಮನ್ನು ಹೊಗಳಲು ಈ ಪತ್ರ ಬರೆಯುತ್ತಿಲ್ಲ. ಲಕ್ಷಾಂತರ ಗುಲಾಮರ ಬೆನ್ನಿನ ಮೇಲೆ ನಿಂತ ಸಾಮ್ರಾಜ್ಯ ಅದು. ಪೌರತ್ವವನ್ನು ಧಾರಾಳವಾಗಿ ಹಂಚಿದ್ದು ಕೂಡ ಆ ಪೌರತ್ವದೊಳಗಿನ ಮತದಾನದ ಹಕ್ಕಿಗೆ ಬೆಲೆ ಹೋದ ಮೇಲೆ. ಚಕ್ರವರ್ತಿಗಳ ಕಾಲದಲ್ಲಿ ನಾಗರಿಕ ಎಂದರೆ ವಿಚಾರಣೆಯಿಲ್ಲದೆ ಛಡಿಯೇಟು ತಿನ್ನದವನು, ಚಕ್ರವರ್ತಿಯ ಬಳಿಗೆ ಮೇಲ್ಮನವಿ ಒಯ್ಯಬಲ್ಲವನು, ಅವನ ಮದುವೆ ಮತ್ತು ಆಸ್ತಿ ರೋಮಿನ ಕಾನೂನಿಗೆ ಒಳಪಟ್ಟದ್ದು, ಅಷ್ಟೇ. ಸರ್ಕಾರವನ್ನು ಬದಲಿಸುವ ಶಕ್ತಿ ಅವನಿಗಿರಲಿಲ್ಲ. ಕ್ರಿ.ಶ. 212ರಲ್ಲಿ ಕ್ಯಾರಕಲ್ಲ ಎಂಬ ಚಕ್ರವರ್ತಿ ಸಾಮ್ರಾಜ್ಯದ ಬಹುತೇಕ ಎಲ್ಲ ಸ್ವತಂತ್ರ ಜನರಿಗೂ ಒಂದೇ ಆಜ್ಞೆಯಲ್ಲಿ ಪೌರತ್ವ ಕೊಟ್ಟ. ನಾಗರಿಕರು ಮಾತ್ರ ಕಟ್ಟುತ್ತಿದ್ದ ತೆರಿಗೆಯ ಆದಾಯ ಹೆಚ್ಚಿಸುವುದೇ ಅವನ ಉದ್ದೇಶವಾಗಿತ್ತೆಂದು ಅದೇ ಕಾಲದ ಇತಿಹಾಸಕಾರ ಕ್ಯಾಸಿಯಸ್ ಡಿಯೋ ಬರೆದಿದ್ದಾನೆ. ನಮ್ಮಲ್ಲಿ ಹಾಗಲ್ಲ. ಇಲ್ಲಿ ಪೌರತ್ವ ಕೊಡುವುದೆಂದರೆ ನಿಮ್ಮನ್ನು ಆರಿಸುವ, ನಿಮ್ಮನ್ನು ಮನೆಗೆ ಕಳುಹಿಸುವ ಅಧಿಕಾರದಲ್ಲಿ ಪಾಲು ಕೊಡುವುದು. ಆದ್ದರಿಂದ ಆಧುನಿಕ ರಾಷ್ಟ್ರವೊಂದು ಈ ವಿಷಯದಲ್ಲಿ ಹಿಂದೆ ಮುಂದೆ ನೋಡುವುದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಅದೇ ಕಾರಣಕ್ಕೆ ಹೊರಗೆ ಉಳಿದವನ ನಷ್ಟವೂ ಇಲ್ಲಿ ದೊಡ್ಡದು. ರೋಮಿನ ಪರದೇಶಿಗೆ ಇಲ್ಲದ್ದು ಕೆಲವು ಸವಲತ್ತುಗಳು. ಬೈಲಕುಪ್ಪೆಯ ತರುಣನಿಗೆ ಇಲ್ಲದ್ದು ತನ್ನನ್ನು ಆಳುವವರ ಬಗ್ಗೆ ಮಾತನಾಡುವ ಹಕ್ಕು.

ತನಗಾಗಿ ಕಾದಿದವರಿಗೆ ಪೌರತ್ವ ಕೊಡಬೇಕೆಂಬ ಬುದ್ಧಿಯನ್ನು ರೋಮ್ ಕೂಡ ಸುಲಭವಾಗಿ ಕಲಿಯಲಿಲ್ಲ. ಇಟಲಿಯ ಇತರ ನಗರಗಳ ಜನ ತಲೆಮಾರುಗಟ್ಟಲೆ ರೋಮಿನ ಪರವಾಗಿ ಕಾದಿದ್ದರು. ಅದರ ಸೈನ್ಯದ ಅರ್ಧದಷ್ಟು ಅವರೇ. ಪೌರತ್ವ ಮಾತ್ರ ಅವರಿಗಿರಲಿಲ್ಲ. ಕ್ರಿ.ಪೂ. 95ರಲ್ಲಿ ರೋಮ್ ಒಂದು ಕಾನೂನು ಮಾಡಿ, ನಾಗರಿಕರೆಂದು ಹೇಳಿಕೊಂಡು ಸೇರಿಕೊಂಡವರನ್ನು ಹುಡುಕಿ ವಿಚಾರಿಸಲು ಹೊರಟಿತು. ನಾಲ್ಕು ವರ್ಷಗಳಲ್ಲಿ ಇಟಲಿ ಸಿಡಿದೆದ್ದಿತು. ಬಂಡೆದ್ದವರು ಕಾರ್ಫಿನಿಯಂ ಎಂಬ ಊರನ್ನು "ಇಟಾಲಿಕಾ" ಎಂದು ಕರೆದು ರಾಜಧಾನಿ ಮಾಡಿಕೊಂಡರು. ರೋಮಿನ ತೋಳವನ್ನು ಇಟಲಿಯ ಗೂಳಿ ತಿವಿಯುವ ಚಿತ್ರವಿರುವ ನಾಣ್ಯ ಹೊರಡಿಸಿದರು. ಅಪಾರ ರಕ್ತ ಹರಿದ ಮೇಲೆ, ಕ್ರಿ.ಪೂ. 90 ಮತ್ತು 89ರಲ್ಲಿ, ಯುದ್ಧಕ್ಕೆ ಮೊದಲೇ ಕೊಡಬಹುದಾಗಿದ್ದ ಪೌರತ್ವವನ್ನು ರೋಮ್ ಕೊಟ್ಟಿತು. ಅರ್ಹರು 60 ದಿನಗಳೊಳಗೆ ಅಧಿಕಾರಿಯ ಮುಂದೆ ಹೆಸರು ಬರೆಸಿದರೆ ಸಾಕಾಗಿತ್ತು.

ಟಿಬೆಟನ್ನರು ಬಂಡೇಳುತ್ತಾರೆಂದು ಹೆದರಿಸಲು ಇದನ್ನು ಹೇಳುತ್ತಿಲ್ಲ. ಅವರಷ್ಟು ಶಾಂತವಾಗಿ ಬದುಕಿದ ನೆರೆಯವರನ್ನು ನಾನು ಕಂಡಿಲ್ಲ. ಗಲಾಟೆ ಮಾಡದವರ ಅರ್ಜಿ ಕಡತದ ಅಡಿಗೆ ಹೋಗುತ್ತದೆ ಎಂಬುದೇ ನನ್ನ ಸಂಕಟ.

ಬಂದವರನ್ನು ಬರಮಾಡಿಕೊಳ್ಳುವ ವಿಷಯದಲ್ಲಿ ನಾವು ರೋಮಿಗಿಂತ ಎಷ್ಟೋ ಮೇಲು. ಕ್ರಿ.ಶ. 376ರಲ್ಲಿ ಹೂಣರ ಹೊಡೆತಕ್ಕೆ ಓಡಿಬಂದ ಗಾಥ್ ಜನ ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ನಿಂತು ಆಶ್ರಯ ಕೇಳಿದರು. ಚಕ್ರವರ್ತಿ ವ್ಯಾಲೆನ್ಸ್ ಒಪ್ಪಿದ. ಭೂಮಿ ಸಿಗುತ್ತದೆ, ಬದಲಿಗೆ ಸೈನಿಕರನ್ನು ಕೊಡಿ ಎಂಬುದು ಲೆಕ್ಕ. ಆದರೆ ಗಡಿಯ ಅಧಿಕಾರಿಗಳು ಹಸಿದವರ ಹೊಟ್ಟೆಯ ಮೇಲೆ ವ್ಯಾಪಾರ ಮಾಡಿದರು. ನಾಯಿಯ ಮಾಂಸ ಕೊಟ್ಟು ಅದಕ್ಕೆ ಬದಲಾಗಿ ಅವರ ಮಕ್ಕಳನ್ನು ಗುಲಾಮರಾಗಿ ಪಡೆದರೆಂದು ಅಮ್ಮಿಯಾನಸ್ ಎಂಬ ಇತಿಹಾಸಕಾರ ದಾಖಲಿಸಿದ್ದಾನೆ. ಎರಡು ವರ್ಷಗಳಲ್ಲಿ, 378ರ ಆಗಸ್ಟ್ 9ರಂದು, ಏಡ್ರಿಯಾನೋಪಲ್ ಬಯಲಿನಲ್ಲಿ ಅದೇ ಗಾಥರ ಕೈಯಲ್ಲಿ ರೋಮಿನ ಸೈನ್ಯ ನುಚ್ಚುನೂರಾಯಿತು. ವ್ಯಾಲೆನ್ಸ್ ಸತ್ತ, ಅವನ ಶವವೂ ಸಿಗಲಿಲ್ಲ.

ಇದರ ಪಕ್ಕದಲ್ಲಿ ಮೈಸೂರು ರಾಜ್ಯ ಏನು ಮಾಡಿತು ನೋಡಿ. 1959ರಲ್ಲಿ ದಲೈ ಲಾಮಾ ಅವರ ಹಿಂದೆಯೇ ಸಾವಿರಾರು ಜನ ಹಿಮಾಲಯ ದಾಟಿ ಬಂದರು. ಅವರಿಗೆ ನೆಲೆ ಕೊಡಿ ಎಂದು ನೆಹರೂ ರಾಜ್ಯಗಳಿಗೆ ಪತ್ರ ಬರೆದಾಗ ಮುಂದೆ ಬಂದದ್ದು ನಮ್ಮ ರಾಜ್ಯ. 1960ರಲ್ಲಿ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಆಮೇಲೆ ಮುಂಡಗೋಡ, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ. ಕೊಟ್ಟದ್ದು ಹಸನಾದ ಹೊಲವೇನಲ್ಲ, ಕಾಡು. ತಣ್ಣನೆಯ ಎತ್ತರದ ನಾಡಿನಿಂದ ಬಂದವರು ಇಲ್ಲಿಯ ಸೆಕೆಗೂ ಕಾಯಿಲೆಗೂ ಬಲಿಯಾದರು. ಮರ ಕಡಿದು ಹಸನು ಮಾಡಿದ ಜಾಗಕ್ಕೆ ಆನೆ ನುಗ್ಗುತ್ತಿತ್ತು. ಅವರ ಬಿಡಾರಗಳಿಗೆ ಅಕ್ಕಿ, ಬೇಳೆ ಹೊತ್ತುಕೊಂಡು ಹೋಗಿದ್ದನ್ನು ನನ್ನ ತಂದೆ ಹೇಳುತ್ತಿದ್ದರು. ಇಂದು ಅದೇ ನೆಲದಲ್ಲಿ ಮುಸುಕಿನ ಜೋಳ ತೂಗುತ್ತದೆ. ಲಾಸಾದ ಬಳಿ ನೆಲಸಮವಾಗುವ ಸ್ಥಿತಿಗೆ ಬಂದಿದ್ದ ಸೇರಾ ವಿದ್ಯಾಪೀಠ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂಡೆನ್ ಮುಂಡಗೋಡಿನಲ್ಲಿ ಮತ್ತೆ ಎದ್ದು ನಿಂತಿವೆ. ಕನ್ನಡನಾಡು ಹೆಮ್ಮೆಪಡಬೇಕಾದ ಕೆಲಸ ಇದು. ನಾನು ಎದೆ ತಟ್ಟಿ ಹೇಳುತ್ತೇನೆ.

ಹಾಗಾದರೆ ರೋಮ್ ಸೋತದ್ದು ಬಾಗಿಲಲ್ಲಿ. ನಾವು ಬಾಗಿಲಲ್ಲಿ ಗೆದ್ದೆವು. ಬಂದವರಿಗೆ ಕಾಲು ತೊಳೆಯಲು ನೀರು ಕೊಟ್ಟೆವು, ಬೆಲ್ಲ ಕೊಟ್ಟೆವು, ಜಗಲಿಯ ಮೇಲೆ ಚಾಪೆ ಹಾಸಿದೆವು. ಅಲ್ಲಿಗೇ ಮರೆತೆವು. ಅರವತ್ತು ವರ್ಷಗಳಾದವು, ಜಗಲಿಯಲ್ಲಿ ಕುಳಿತವರಿಗೆ ಮೊಮ್ಮಕ್ಕಳಾದರು, ಒಳಗೆ ಬನ್ನಿ ಎಂದು ಯಾರೂ ಕರೆದಿಲ್ಲ.

ಕಾನೂನು ಏನೆನ್ನುತ್ತದೆ ಎಂಬುದನ್ನು ನಿಮಗೆ ಹೇಳಿಕೊಡುವ ಧೈರ್ಯ ಮಾಡುತ್ತಿದ್ದೇನೆ, ಏಕೆಂದರೆ ಇದರ ಪರಿಣಾಮವನ್ನು ನಾನು ಒಂದೇ ಮನೆಯೊಳಗೆ ಕಂಡಿದ್ದೇನೆ. 1955ರ ಪೌರತ್ವ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದ ನೆಲದಲ್ಲಿ ಹುಟ್ಟಿದ ಮಗು, ಕೆಲವೇ ಅಪವಾದಗಳನ್ನು ಬಿಟ್ಟರೆ, ಭಾರತೀಯ ನಾಗರಿಕ. ಹೆತ್ತವರು ಯಾರು ಎಂಬುದು ಮುಖ್ಯವಲ್ಲ. ಅಸ್ಸಾಂ ಚಳವಳಿಯ ಬಿಸಿಯಲ್ಲಿ ತಿದ್ದುಪಡಿ ಬಂತು: 1987ರ ಜುಲೈ 1ರಿಂದ ತಂದೆ ತಾಯಿಯರಲ್ಲಿ ಒಬ್ಬರಾದರೂ ನಾಗರಿಕರಾಗಿರಬೇಕು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿಯಾಯಿತು: ಇಬ್ಬರೂ ನಾಗರಿಕರಾಗಿರಬೇಕು, ಅಥವಾ ಒಬ್ಬರು ನಾಗರಿಕರಾಗಿ ಇನ್ನೊಬ್ಬರು ಅಕ್ರಮ ವಲಸಿಗರಲ್ಲದವರಾಗಿರಬೇಕು. ಹುಟ್ಟಿದ ನೆಲದಿಂದ ಹೆತ್ತವರ ರಕ್ತದ ಕಡೆಗೆ ನಮ್ಮ ಕಾನೂನು ಮೆಲ್ಲಮೆಲ್ಲನೆ ಸರಿದಿದೆ. ಪ್ರಾಚೀನ ಗ್ರೀಸಿನ ಅಥೆನ್ಸ್‌ನಲ್ಲಿ ಪೆರಿಕ್ಲೀಸ್ ಎಂಬ ಮುಖಂಡ ಕ್ರಿ.ಪೂ. 451ರಲ್ಲಿ ತಂದೆ ತಾಯಿ ಇಬ್ಬರೂ ನಾಗರಿಕರಾಗಿರಬೇಕೆಂದು ಕಾನೂನು ಮಾಡಿಸಿದ್ದ. ಮುಂದೆ ಪ್ಲೇಗಿನಲ್ಲಿ ಅವನ ಇಬ್ಬರು ಮಕ್ಕಳು ತೀರಿಕೊಂಡಾಗ, ಪರಊರಿನ ಆಸ್ಪೇಸಿಯಾಳಲ್ಲಿ ಹುಟ್ಟಿದ ಉಳಿದ ಮಗನಿಗೆ ಪೌರತ್ವ ಕೊಡಿ ಎಂದು ಅದೇ ಪೆರಿಕ್ಲೀಸ್ ತನ್ನ ಊರಿನ ಮುಂದೆ ಬೇಡಬೇಕಾಯಿತು. ಕಾನೂನಿನ ಬಿಸಿ ತಾಗುವುದು ಮನೆಯೊಳಗೆ.

ಸ್ಟಾಫ್ ರೂಮಿಗೆ ಬಂದಿದ್ದ ಆ ಹುಡುಗ ಹುಟ್ಟಿದ್ದು 1986ರಲ್ಲಿ, ಅವನ ತಮ್ಮ 1989ರಲ್ಲಿ. ಒಂದೇ ತಾಯಿ, ಒಂದೇ ಆಸ್ಪತ್ರೆ, ಒಂದೇ ಊರು. ಅಣ್ಣ ಭಾರತೀಯ, ತಮ್ಮ ವಿದೇಶಿ. ಅಣ್ಣನ ಹಕ್ಕು ಕೂಡ ತಾನಾಗಿ ಬಂದದ್ದಲ್ಲ. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್, ಈ ಅವಧಿಯಲ್ಲಿ ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ನಾಗರಿಕರು ಎಂದು ತೀರ್ಪು ಕೊಟ್ಟ ಮೇಲೆ ಬಂದದ್ದು. 2014ರಲ್ಲಿ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಆ ವರ್ಷದ ಲೋಕಸಭಾ ಚುನಾವಣೆಯ ದಿನ ಮತಗಟ್ಟೆಯಲ್ಲಿ ನನ್ನ ಶಿಷ್ಯ ಸಿಕ್ಕಿದ. ಬೆರಳಿನ ಶಾಯಿ ತೋರಿಸಿ ನಕ್ಕ. ಅವನನ್ನು ಸ್ಕೂಟರಿನಲ್ಲಿ ಕರೆತಂದಿದ್ದ ತಮ್ಮ ಹೊರಗೆ ಹೊಂಗೆ ಮರದ ಕೆಳಗೆ ನಿಂತಿದ್ದ. ನಾನು ಅವನ ಹತ್ತಿರ ಹೋಗಿ ಏನು ಮಾತನಾಡಬೇಕೆಂದು ತಿಳಿಯದೆ, ಬಿಸಿಲು ಜೋರಾಗಿದೆ ಎಂದೆ.

ಆ ತಮ್ಮ ಓದಿನಲ್ಲಿ ಅಣ್ಣನಿಗಿಂತ ಚುರುಕು. ಒಂದು ಸಂಸ್ಥೆಯ ಕೆಲಸಕ್ಕೆ ಲಿಖಿತ ಪರೀಕ್ಷೆ, ಸಂದರ್ಶನ ಎರಡೂ ಮುಗಿಸಿ, ದಾಖಲೆ ಪರಿಶೀಲನೆಯ ದಿನ ವಾಪಸಾದ. ಅವನ ಬಳಿ ಇದ್ದದ್ದು ವಿದೇಶಿಯರ ನೋಂದಣಿ ಪುಸ್ತಕ, ಅವರು ಆರ್‌ಸಿ ಎಂದು ಕರೆಯುವುದು. ಅದನ್ನು ಕಾಲಕಾಲಕ್ಕೆ ನವೀಕರಿಸದಿದ್ದರೆ ತಾನು ಹುಟ್ಟಿದ ಊರಿನಲ್ಲೇ ಅವನ ವಾಸ ಕಾನೂನುಬಾಹಿರವಾಗುತ್ತದೆ. ಹೊರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟ್ ಅಲ್ಲ, ಹಳದಿ ರಟ್ಟಿನ ಗುರುತಿನ ಪತ್ರ. ಅದನ್ನು ಕಂಡು ಹುಬ್ಬೇರಿಸದ ವಿಮಾನ ನಿಲ್ದಾಣದ ಅಧಿಕಾರಿ ಅಪರೂಪ ಎಂದು ಹೋಗಿಬಂದವರೆಲ್ಲ ಹೇಳುತ್ತಾರೆ.

ಹನ್ನೆರಡು ವರ್ಷ ವಾಸವಿದ್ದವರು ದೇಶೀಕರಣಕ್ಕೆ, ಅಂದರೆ ಇಲ್ಲಿ ನೆಲೆಸಿದ ಆಧಾರದ ಮೇಲೆ ಪೌರತ್ವಕ್ಕೆ, ಅರ್ಜಿ ಹಾಕಬಹುದಲ್ಲ ಎಂದು ನೀವು ಕೇಳಬಹುದು. 6ನೇ ಸೆಕ್ಷನ್ ಹಾಗೆ ಹೇಳುತ್ತದೆ ನಿಜ. ಆದರೆ ಕೊಡುವುದು ಬಿಡುವುದು ಸರ್ಕಾರದ ವಿವೇಚನೆ, ಕೊಡಲೇಬೇಕೆಂಬ ಕಟ್ಟು ಇಲ್ಲ. ವಿಜ್ಞಾನ, ಕಲೆ, ಸಾಹಿತ್ಯ, ವಿಶ್ವಶಾಂತಿಗೆ ವಿಶಿಷ್ಟ ಸೇವೆ ಸಲ್ಲಿಸಿದವರಿಗೆ ಷರತ್ತು ಸಡಿಲಿಸಬಹುದೆಂದು ಅದೇ ಸೆಕ್ಷನ್‌ನಲ್ಲಿದೆ. ಭಾರತದ ಗಡಿ ಕಾದವರ ಮಾತು ಅಲ್ಲಿಲ್ಲ. 2019ರ ತಿದ್ದುಪಡಿಯಲ್ಲಿ ಬೌದ್ಧರ ಹೆಸರಿದೆ, ಆದರೆ ಅದು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ ಬಂದವರಿಗೆ. ಟಿಬೆಟ್ ಪಟ್ಟಿಯಲ್ಲಿಲ್ಲ. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲವಾದ್ದರಿಂದ ಆ ಬಾಗಿಲೂ ಇಲ್ಲ.

ಇದಕ್ಕೆ ಎದುರಾಗಿ ಬರುವ ಮಾತುಗಳಲ್ಲಿ ಒಂದನ್ನು ನಾನು ತುಂಬ ಗೌರವದಿಂದ ಕೇಳಿಸಿಕೊಳ್ಳುತ್ತೇನೆ. ಅದು ಟಿಬೆಟನ್ ಹಿರಿಯರದೇ ಮಾತು: ನಾವು ಭಾರತೀಯರಾಗಿಬಿಟ್ಟರೆ ಟಿಬೆಟ್ಟಿನ ಪ್ರಶ್ನೆ ಎತ್ತುವವರು ಯಾರು? ವಸಾಹತಿನ ಮುದುಕರೊಬ್ಬರು ನನಗೆ ಇದನ್ನು ಹೇಳಿದಾಗ ಅವರ ಕಣ್ಣು ತುಂಬಿತ್ತು. ಪೌರತ್ವ ಬೇಡ ಎನ್ನುವುದು ಅವರ ಹಕ್ಕು. ಅದನ್ನು ಯಾರೂ ಹೇರಬಾರದು. ಆದರೆ ಅವರು ಬೇಡ ಎನ್ನುವುದಕ್ಕೂ ನಾವು ಕೊಡದಿರುವುದಕ್ಕೂ ವ್ಯತ್ಯಾಸವಿದೆ. ಅಮೆರಿಕ, ಕೆನಡಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ಆ ದೇಶಗಳ ನಾಗರಿಕರಾದ ಟಿಬೆಟನ್ನರಿದ್ದಾರೆ. ಟಿಬೆಟ್ಟಿಗಾಗಿ ಅವರು ಎತ್ತುವ ದನಿ ಕುಗ್ಗಿಲ್ಲ.

ಗಡಿಯ ಬಾಗಿಲು ಹಾರುಹೊಡೆದಂತಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ನಾನು ಕೇಳುತ್ತಿರುವುದು ಸರ್ಕಾರವೇ ಬರಮಾಡಿಕೊಂಡು, ಸರ್ಕಾರವೇ ನೆಲ ಕೊಟ್ಟು, ಸರ್ಕಾರದ ಪುಸ್ತಕದಲ್ಲೇ ಒಬ್ಬೊಬ್ಬರ ಹೆಸರು, ಭಾವಚಿತ್ರ ಇರುವ ಜನರ ಬಗ್ಗೆ. ಇವರು ಯಾರು, ಎಲ್ಲಿದ್ದಾರೆ, ಎಂದು ಬಂದರು ಎಂಬುದಕ್ಕೆ ಇವರಿಗಿಂತ ಹೆಚ್ಚು ದಾಖಲೆ ನನ್ನ ಬಗ್ಗೆಯೂ ಇಲ್ಲ.

ಕ್ರಿ.ಶ. 48ರಲ್ಲಿ ಗಾಲ್ ಪ್ರಾಂತದ ಮುಖಂಡರಿಗೆ ಸೆನೆಟ್ಟಿನಲ್ಲಿ ಸ್ಥಾನ ಕೊಡಬೇಕೇ ಎಂಬ ಚರ್ಚೆಯಲ್ಲಿ ಕ್ಲಾಡಿಯಸ್ ಮಾತನಾಡಿದ. ನಮ್ಮ ಹಳೆಯ ರಾಜರಲ್ಲೇ ಹೊರಗಿನಿಂದ ಬಂದವರಿದ್ದರು ಎಂದು ಹಿರಿಯರಿಗೆ ನೆನಪಿಸಿದ. ಆ ಭಾಷಣ ಕೊರೆದ ಕಂಚಿನ ಫಲಕ 1528ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಸಿಕ್ಕಿತು. ಇಂದಿಗೂ ಅಲ್ಲಿಯೇ ಇದೆ. ಸದನದಲ್ಲಿ ಒಬ್ಬ ಎದ್ದು ಆಡಿದ ಮಾತು ಅಷ್ಟು ಕಾಲ ನಿಲ್ಲಬಲ್ಲದು ಎಂಬುದಕ್ಕಾಗಿ ಇದನ್ನು ಹೇಳಿದೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ವಿಶೇಷ ಗಡಿ ಪಡೆಯಲ್ಲಿ ಸೇವೆ ಮುಗಿಸಿದ ಪ್ರತಿಯೊಬ್ಬ ಟಿಬೆಟನ್ ಯೋಧನಿಗೂ, ಅವನ ಹೆಂಡತಿ ಮಕ್ಕಳಿಗೂ, ಅವರು ಬಯಸಿದರೆ ಪೌರತ್ವ ಸಿಗುವಂತೆ 6ನೇ ಸೆಕ್ಷನ್‌ಗೆ ಒಂದು ಉಪವಾಕ್ಯ ಸೇರಿಸಲು ಖಾಸಗಿ ಸದಸ್ಯರ ಮಸೂದೆ ತನ್ನಿ. ವಸಾಹತುಗಳಲ್ಲಿ 1987ರ ನಂತರ ಹುಟ್ಟಿ ಇಲ್ಲಿಯೇ ಬೆಳೆದವರು ಹದಿನೆಂಟು ತುಂಬಿದಾಗ ಹೆಸರು ನೋಂದಾಯಿಸಿ ನಾಗರಿಕರಾಗುವ ದಾರಿಯನ್ನು ಅದೇ ಮಸೂದೆಯಲ್ಲಿ ಕೇಳಿ. ನ್ಯಾಯಾಲಯ ಈಗಾಗಲೇ ನಾಗರಿಕರೆಂದು ಹೇಳಿರುವವರಿಗೆ 2017ರಲ್ಲಿ ಪಾಸ್‌ಪೋರ್ಟ್ ಕೊಡುವಾಗ ಹಾಕಿದ ಷರತ್ತುಗಳಲ್ಲಿ ವಸಾಹತು ಬಿಟ್ಟು ಹೋಗಬೇಕೆಂಬುದೂ ಒಂದಾಗಿತ್ತು. ನಾಗರಿಕನಾದ ತಪ್ಪಿಗೆ ತಾಯಿಯ ಮನೆ ಬಿಡು ಎನ್ನುವ ಅಂಥ ಷರತ್ತು ಇನ್ನೆಂದೂ ಬಾರದಂತೆ ಗೃಹ ಸಚಿವಾಲಯದಿಂದ ಲಿಖಿತ ಭರವಸೆ ಪಡೆಯಿರಿ. ಇವರ ಜಮೀನಿನ ಗುತ್ತಿಗೆ ರಾಜ್ಯ ಸರ್ಕಾರದ ಕೈಯಲ್ಲಿದೆ. ಅಲ್ಲಿಯೂ ನಿಮ್ಮ ಮಾತು ನಡೆಯುತ್ತದೆ.

ನನ್ನ ಶಿಷ್ಯನ ತಂದೆಗೆ ಈಗ ಎಂಬತ್ತು ದಾಟಿದೆ. ಹೋದ ತಿಂಗಳು ಅವರನ್ನು ನೋಡಲು ಹೋಗಿದ್ದೆ. ಬೆಣ್ಣೆ ಚಹಾ ಕೊಟ್ಟರು. ದೇವರ ಮುಂದಿನ ಹಲಗೆಯ ಮೇಲೆ, ಬಟ್ಟೆಯಲ್ಲಿ ಸುತ್ತಿಟ್ಟ ಎರಡು ದಾಖಲೆಗಳನ್ನು ಬಿಚ್ಚಿ ತೋರಿಸಿದರು. ಒಂದು ಪಡೆಯಿಂದ ಬಿಡುಗಡೆಯಾದಾಗ ಕೊಟ್ಟದ್ದು. ಇನ್ನೊಂದು ವಿದೇಶಿಯರ ನೋಂದಣಿ ಪುಸ್ತಕ. ಅದರ ನವೀಕರಣಕ್ಕೆ ಇನ್ನು ನಾಲ್ಕು ತಿಂಗಳಿದೆ. ಕೈ ನಡುಗುವುದರಿಂದ ಸಹಿ ಹೊಂದುವುದಿಲ್ಲವೇನೋ ಎಂಬ ಆತಂಕ ಅವರಿಗೆ. ನಾನು ಜೊತೆಯಲ್ಲಿ ಬರುತ್ತೇನೆ ಎಂದಿದ್ದೇನೆ. ನಿಮ್ಮಲ್ಲಿ ಯಾರಾದರೂ ಒಬ್ಬರು ಆ ದಿನ ನಮ್ಮೊಂದಿಗೆ ಬರುವಿರಾದರೆ ದಿನಾಂಕವನ್ನು ತಿಳಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಉಪನ್ಯಾಸಕ
ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ